ಬಗ್ಗದ ಮಂಡಿಯ ಬಗ್ಗೆ

ಕೃತಕ ಮಂಡಿಗಳನ್ನು ತಯಾರಿಸಿ ಲೋಕೋಪಕಾರ ಮಾಡುತ್ತಿರುವ ಕಂಪನಿಯ ಪರಮೋಚ್ಚ ಅಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ಮೂಡಿಗೆರೆ ತಾಲೂಕು ಜಾವಳಿಯಿಂದ ಸಾವಿತ್ರಮ್ಮ ಎಂಬ ಅರವತ್ತು ದಾಟಿದ ಹೆಂಗಸು, ಎಡಗಾಲನ್ನು ಮಡಿಸಿ ಬಲಗಾಲನ್ನು ಸ್ಟೂಲಿನ ಮೇಲೆ ನೀಡಿಕೊಂಡು, ಅರ್ಧ ಸಾಷ್ಟಾಂಗದ ಭಂಗಿಯಲ್ಲಿ ಸಲ್ಲಿಸುವ ನಮಸ್ಕಾರಗಳು. ಪೂರ್ತಿ ಸಾಷ್ಟಾಂಗವೆರಗುವ ಮನಸ್ಸಿತ್ತು. ತಮ್ಮದೇ ಸಾಮಾನು ಒಪ್ಪಲಿಲ್ಲ. ತಾವೂ ತಮ್ಮ ಕುಟುಂಬದವರೂ ತಮ್ಮ ಕಾರ್ಖಾನೆಯೂ ಕ್ಷೇಮವೆಂದು ನಂಬಿದ್ದೇನೆ. ತಾವೆಲ್ಲರೂ ತಂತಮ್ಮ ಹುಟ್ಟು ಮಂಡಿಗಳ ಮೇಲೆಯೇ ಓಡಾಡಿಕೊಂಡಿರುವಿರೆಂದು ಊಹಿಸಿ ಸಂತೋಷಪಡುತ್ತೇನೆ.

ಹೋದ ಮಳೆಗಾಲ ಮುಗಿದ ಕೂಡಲೇ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ತಮ್ಮ ಮಂಡಿಯು ನನ್ನ ಬಲಗಾಲಿನಲ್ಲಿ ಅಧಿಕಾರ ಸ್ವೀಕರಿಸಿತು. ಅದಕ್ಕೆ ಮುಂಚೆ ನನ್ನ ಕೈಗೆ ತಮ್ಮ ಬಣ್ಣದ ಪುಸ್ತಿಕೆಯೊಂದನ್ನು ಕೊಟ್ಟಿದ್ದರು. ಅದರಲ್ಲಿ ಬಿಳಿಗೂದಲಿನ ಗಂಡಹೆಂಡತಿಯರಿಬ್ಬರು ಸಮುದ್ರದ ದಂಡೆಯಲ್ಲಿ ಬರಿಗಾಲಲ್ಲಿ ಓಡುತ್ತಿದ್ದರು. ಏದುಸಿರು ಬಿಡುತ್ತಿದ್ದದ್ದು ಹಿಂದಿನಿಂದ ಬರುತ್ತಿದ್ದ ನಾಯಿ ಮಾತ್ರ. ನಾನು ಅಂಥ ದುರಾಸೆಯವಳಲ್ಲ ಸ್ವಾಮಿ. ನನಗೆ ಬೇಕಾಗಿದ್ದದ್ದು ಇಷ್ಟೇ: ಮನೆಯ ಹಿಂದಿನ ಇಳಿಜಾರಿನಲ್ಲಿರುವ ನಮ್ಮ ಕೆಳಗಿನ ತೋಟಕ್ಕೆ ಕಾಫಿ ಕೊಯ್ಲಿನ ಹೊತ್ತಿಗೆ ಇಳಿಯಬೇಕು, ಹಣ್ಣು ಬಿಡಿಸುವವರ ಜೊತೆ ನಿಂತು ಊರ ಸುದ್ದಿ ಮಾತಾಡಬೇಕು, ಮತ್ತೆ ನನ್ನ ಕಾಲ ಮೇಲೆಯೇ ಹತ್ತಿ ಬರಬೇಕು. ಆ ತೋಟದ ಗಿಡಗಳನ್ನು ಮದುವೆಯಾಗಿ ಬಂದ ಹೊಸದರಲ್ಲಿ ನಾನೇ ನೆಟ್ಟವಳು. ಆದರೆ ಹಳೆಯ ಮಂಡಿ ಸವೆದಂದಿನಿಂದ ಹಿತ್ತಲ ಬಾಗಿಲಲ್ಲಿ ನಿಂತು, ಘಟ್ಟ ನೋಡಲು ಬರುವ ಟೂರಿಸ್ಟಿನ ಹಾಗೆ ನನ್ನ ತೋಟವನ್ನೇ ನೋಡಿ ‘ಆಹಾ’ ಎಂದು ಒಳಗೆ ಬರುತ್ತಿದ್ದೆ.

ಮನೆಗೆ ಬಂದ ಮೇಲೆ ತಮ್ಮ ಮಂಡಿಗೆ ಸಿಕ್ಕ ರಾಜಮರ್ಯಾದೆಯನ್ನು ತಾವು ಕಣ್ಣಾರೆ ನೋಡಬೇಕಿತ್ತು. ಅದು ಹಲಸಿನ ಹಣ್ಣಿನಂತೆ ಊದಿಕೊಂಡು ದಿಂಬಿನ ಮೇಲೆ ವಿರಾಜಮಾನವಾಗಿತ್ತು. ನಮ್ಮ ಯಜಮಾನರಾದ ಬೊಮ್ಮಯ್ಯನವರು, ನಲವತ್ತು ವರ್ಷ ನನ್ನ ಮುಖವನ್ನು ಸರಿಯಾಗಿ ನೋಡದವರು, ದಿನಕ್ಕೆ ನಾಲ್ಕು ಸಲ ಕನ್ನಡಕ ಹಾಕಿಕೊಂಡು ಬಂದು ಮಂಡಿಯನ್ನು ನೋಡಿ ಹೋಗುತ್ತಿದ್ದರು. ನೋಡಲು ಬಂದವರೆಲ್ಲ ಬಾಳೆಹಣ್ಣಿನ ಜೊತೆ ಒಂದೊಂದು ಕಥೆಯನ್ನೂ ತಂದರು. ಎಲ್ಲರ ಕಥೆಯಲ್ಲಿಯೂ ಅವರ ಅತ್ತೆಯೋ ಷಡ್ಡಕನೋ ಆಪರೇಷನ್ ಆದ ಮರುವಾರವೇ ಬಸ್ಸು ಹತ್ತಿದ್ದರು. ಅವರನ್ನೆಲ್ಲ ಸಹಿಸಿಕೊಂಡೆ, ಸಹಿಸಲಾಗದೇ ಹೋದದ್ದು ಬಣಕಲ್ಲಿನ ಮಂಜಯ್ಯನವರನ್ನು.

ಮಂಜಯ್ಯನವರು ಮೆಣಸಿನ ವ್ಯಾಪಾರದವರು, ನಮ್ಮ ಯಜಮಾನರ ಹಳೆಯ ಸ್ನೇಹಿತರು. ಅದೇ ವಾರ, ಅದೇ ಡಾಕ್ಟರ ಕೈಯಲ್ಲಿ, ತಮ್ಮದೇ ಕಂಪನಿಯ ಮಂಡಿ ಹಾಕಿಸಿಕೊಂಡವರು. ನಾನಿನ್ನೂ ವಾಕರ್ ಹಿಡಿದು ಮಂಚದಿಂದ ಬಚ್ಚಲಿಗೆ ದಂಡಯಾತ್ರೆ ಮಾಡುತ್ತಿದ್ದಾಗ ಅವರು ದೇವರಮನೆ ಎಂಬ ಊರಿನ ಹುಲ್ಲುಗುಡ್ಡದ ಮೇಲೆ ಬಿಳಿ ಶೂ ಹಾಕಿಕೊಂಡು ನಡೆಯುತ್ತಿರುವ ವಿಡಿಯೋ ಎಲ್ಲರ ಮೊಬೈಲಿಗೂ ಬಂತು. ನಮ್ಮ ಯಜಮಾನರು ಅದನ್ನು ನನಗೆ ತೋರಿಸಿ, “ನೋಡು, ಮಂಜಯ್ಯ ಹೆಂಗೆ ನಡೀತಾನೆ, ನೀನು ಮನಸ್ಸು ಮಾಡ್ಬೇಕು ಅಷ್ಟೇ” ಎಂದರು. ನಾನು ಮನಸ್ಸು ಮಾಡಿದೆ. ಕೈಗೆ ಸಿಕ್ಕಿದ ಐಸ್ ಚೀಲವನ್ನು ಅವರ ಕಡೆಗೆ ಎಸೆದೆ.

ಇನ್ನು ವ್ಯಾಯಾಮದ ವಿಚಾರ. ಮೂಡಿಗೆರೆಯಿಂದ ರಕ್ಷಾ ಎಂಬ ಫಿಸಿಯೋಥೆರಪಿಯ ಹುಡುಗಿ ಸ್ಕೂಟಿಯಲ್ಲಿ ಬರುತ್ತಿದ್ದಳು. ನಗುಮೊಗದ, ಮೃದುಮಾತಿನ, ಲಕ್ಷಣವಾದ ರಾಕ್ಷಸಿ. “ಇನ್ನೊಂಚೂರು ಆಂಟಿ, ಇನ್ನೊಂದೇ ಒಂಚೂರು” ಎನ್ನುತ್ತ ಆಕೆ ಮಂಡಿಯನ್ನು ಬಗ್ಗಿಸುವಾಗ ನನಗೆ ಸತ್ತುಹೋದ ನಮ್ಮ ಅತ್ತೆಯವರು ಬಾಗಿಲಲ್ಲಿ ನಿಂತು ಕರೆದಂತಾಗುತ್ತಿತ್ತು. ಒಳಗೆ ಏನೋ ಕಟಕ್ಕೆನ್ನುತ್ತಿತ್ತು. ಹೊಲಿಗೆ ಬಿಚ್ಚಿ ತಮ್ಮ ಉಕ್ಕಿನ ಮಂಡಿ ಹೊರಗೆ ಹಾರಿ ನೆಲದ ಮೇಲೆ ಉರುಳುತ್ತದೆಂದೇ ನಾನು ನಂಬಿದ್ದೆ. ಹಾಗಾಗಿ ಅವಳು ಬಂದಾಗ ಮಾತ್ರ ನರಳಿ, ಅವಳು ಹೋದ ಮೇಲೆ ಕಾಲನ್ನು ದಿಂಬಿನ ಮೇಲಿಟ್ಟು ಟೀವಿ ನೋಡಿ, ಮಾರನೆಯ ಸಲ “ಎಲ್ಲ ಮಾಡಿದೆ ಕಣಮ್ಮ” ಎನ್ನುತ್ತಿದ್ದೆ. ಅಳತೆ ನೋಡುವಾಗ ಸೊಂಟವನ್ನು ಮೆಲ್ಲಗೆ ಎತ್ತಿ ಕಾಲು ಬಗ್ಗಿದಂತೆ ತೋರಿಸುವ ವಿದ್ಯೆಯನ್ನೂ ಕಲಿತಿದ್ದೆ. “ಆಂಟಿ, ಮಂಡಿ ಬಗ್ಗಿಸಿ ಅಂದಿದ್ದು, ಸೊಂಟ ಅಲ್ಲ” ಎಂದಳು ಆ ಹುಡುಗಿ. ಇಂಥ ಸೂಕ್ಷ್ಮದೃಷ್ಟಿಯವರನ್ನು ಮನೆಗೆ ಬಿಟ್ಟುಕೊಳ್ಳಬಾರದು.

ಮಂಗಳೂರಿಗೆ ತೋರಿಸಲು ಹೋದಾಗ ಡಾಕ್ಟರು ಎಕ್ಸರೇಯನ್ನು ಬೆಳಕಿಗೆ ಹಿಡಿದು ತಮ್ಮ ಮಂಡಿಯನ್ನು ಬಾಯ್ತುಂಬ ಹೊಗಳಿದರು. ಕೂತ ಜಾಗ ಸರಿ, ಕೋನ ಸರಿ, ಎಲ್ಲ ಸರಿ. ಆಮೇಲೆ ನನ್ನ ಕಡೆ ತಿರುಗಿ, ಮಂಡಿ ಚೆನ್ನಾಗಿದೆ, ನೀವೇ ಅದನ್ನು ಬಳಸುತ್ತಿಲ್ಲ, ಒಳಗೆಲ್ಲ ಬಿಗಿದುಕೊಳ್ಳುತ್ತಿದೆ, ಮುಂದಿನ ಸಲ ಬರುವಾಗಲೂ ಹೀಗೇ ಇದ್ದರೆ ಪ್ರಜ್ಞೆ ತಪ್ಪಿಸಿ ನಾವೇ ಬಲವಂತವಾಗಿ ಬಗ್ಗಿಸಬೇಕಾಗುತ್ತದೆ, ಇನ್ನೂ ತಡವಾದರೆ ಅದೂ ಕಷ್ಟ ಎಂದರು. ವಾಪಸು ಬರುವಾಗ ಚಾರ್ಮಾಡಿ ಘಾಟಿಯುದ್ದಕ್ಕೂ ನಾನು ಮಂಡಿಯನ್ನೇ ನೋಡುತ್ತ ಕೂತಿದ್ದೆ. ಯಜಮಾನರು ಮೂರು ಸಲ ಜಲಪಾತ ತೋರಿಸಿದರು.

ಮಾನ್ಯರೇ, ಇದರ ನಂತರದ ಸಂಗತಿಯನ್ನು ತಮಗೆ ಬರೆಯಲು ಸಂಕೋಚವಾಗುತ್ತದೆ. ಆದರೂ ಗ್ರಾಹಕರ ಅನುಭವವನ್ನು ತಿಳಿಯುವುದು ತಮಗೆ ಬಹಳ ಇಷ್ಟವೆಂದು ಪುಸ್ತಿಕೆಯ ಹಿಂಬದಿಯಲ್ಲಿ ಓದಿದ್ದೇನೆ. ಒಂದು ಮಧ್ಯಾಹ್ನ ಯಜಮಾನರು ಕಣದಲ್ಲಿ ಒಣಗಲು ಹಾಕಿದ ಕಾಫಿ ಕೆದಕುತ್ತಿದ್ದಾಗ ನಾನು ಕಮೋಡಿನ ಮೇಲೆ ಕೂತವಳು ಏಳಲಾರದೆ ಹೋದೆ. ಕಾಲು ಹಿಂದಕ್ಕೆ ಮಡಿಸಿದರಲ್ಲವೇ ಎದ್ದೇಳುವುದು? ಕೂಗಿದೆ, ಕೇಳಲಿಲ್ಲ. ವಾಕರ್ ಜಾರಿ ಬಾಗಿಲ ಬಳಿ ಬಿದ್ದಿತ್ತು. ಇನ್ನು ಸಾಯುವ ತನಕ ಯಾರಾದರೂ ಬಂದು ಎತ್ತುವುದನ್ನು ಕಾಯುತ್ತ ಕೂರುವುದೇ ನನ್ನ ಬಾಳು ಎಂದು ಅನ್ನಿಸಿ, ಅತ್ತೆ ಸತ್ತಾಗಲೂ ಅಷ್ಟು ಅಳದವಳು ಅಲ್ಲಿ ಕೂತು ಅತ್ತೆ. ಕೊನೆಗೆ ಯಜಮಾನರು ಕಾಫಿ ಕುಡಿಯಲು ಬಂದವರು ಬಾಗಿಲು ದೂಡಿ, ಕಂಕುಳಿಗೆ ಕೈ ಕೊಟ್ಟು ಎತ್ತಿದರು. “ನನ್ನ ಹಳೇ ಮಂಡೀನೇ ನಂಗೆ ವಾಪಸ್ ಕೊಡಿಸಿ” ಎಂದೆ. ಅವರು ನನ್ನ ಸೆರಗು ಸರಿಮಾಡುತ್ತ, “ಅದನ್ನ ಅವ್ರು ಎಸೆದಾಯ್ತಲ್ಲ ಮಾರಾಯ್ತಿ” ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು. ಇದೂ ತಮ್ಮ ಉತ್ಪನ್ನದ ಸಾಧನೆಯೇ. ಅದಕ್ಕೆ ಮುಂಚೆ ಇನ್ಯಾವುದರಿಂದಲೂ ಅದು ಸಾಧ್ಯವಾಗಿರಲಿಲ್ಲ.

ಮಾರನೆಯ ದಿನವೇ ನಾನು ಬಣಕಲ್ಲಿಗೆ ಹೊರಟೆ. ಮಂಜಯ್ಯನವರ ಗುಟ್ಟನ್ನು ಕೇಳಿಕೊಂಡು ಬರಬೇಕು, ಹೇಳದಿದ್ದರೆ ವಾಕರಿನಿಂದ ನಾಲ್ಕು ಬಾರಿಸಿ ಬರಬೇಕು ಎಂಬ ಸದುದ್ದೇಶದಿಂದ. ಯಜಮಾನರು ಜೀಪಿನ ಹಿಂದಿನ ಸೀಟಿನಲ್ಲಿ ನನ್ನನ್ನು ಏಣಿಯ ಹಾಗೆ ಅಡ್ಡ ಮಲಗಿಸಿಕೊಂಡು ಕರೆದೊಯ್ದರು. ಮಂಜಯ್ಯನವರು ಬಾಗಿಲಲ್ಲೇ ನಿಂತು ಸ್ವಾಗತಿಸಿದರು. ನಮ್ಮನ್ನು ಕೂರಿಸಿ ತಾವು ನಿಂತರು. ಅವರ ಹೆಂಡತಿ ಪ್ರೇಮಲತಾ ಕಾಫಿ ತಂದರು, ಮಂಜಯ್ಯನವರು ನಿಂತೇ ಕುಡಿದರು. ಕೂರಿ ಮಾರಾಯ್ರೆ ಎಂದು ನಾವು ಎರಡು ಸಲ ಹೇಳಿದೆವು. “ಪರವಾಗಿಲ್ಲ, ನಿಂತ್ರೇ ಒಳ್ಳೇದು, ರಕ್ತ ಓಡಾಡುತ್ತೆ” ಎಂದರು. ಪ್ರೇಮಲತಾ ತಟ್ಟೆಯನ್ನು ಟಕ್ಕೆಂದು ಇಟ್ಟು, “ಕೂರಕ್ಕೆ ಬಂದ್ರಲ್ಲವಾ ಕೂರದು!” ಎಂದರು.

ಆಮೇಲೆ ಬಂತು ನೋಡಿ ಪ್ರೇಮಲತಾ ಅವರ ಬಾಯಿಂದ ಸತ್ಯ. ದೇವರಮನೆಗೆ ಜೀಪಿನಲ್ಲಿ ಹೋಗಿದ್ದರಂತೆ. ಕ್ಯಾಮೆರಾದ ಮುಂದೆ ನಾಲ್ಕು ಹೆಜ್ಜೆ ಹಾಕಿದ್ದರಂತೆ. ವಿಡಿಯೋ ಮುಗಿದ ಮೇಲೆ ಇಬ್ಬರು ಸೇರಿ ಕಾಫಿ ಮೂಟೆಯಂತೆ ಎತ್ತಿ ಜೀಪಿಗೆ ಹಾಕಿದ್ದರಂತೆ. ವ್ಯಾಯಾಮದವರಿಗೆ ತನಗೆ ಪೂರ್ತಿ ಗುಣವಾಗಿದೆ ಎಂದು ಹೇಳಿ ಬಿಡಿಸಿದ್ದರಂತೆ. ಕಾಲು ಒನಕೆಯಂತೆ ನೆಟ್ಟಗಿತ್ತು. ಊಟವನ್ನೂ ಕಪಾಟಿನ ಮೇಲೆ ತಟ್ಟೆ ಇಟ್ಟುಕೊಂಡು, ಕುದುರೆಯಂತೆ ನಿಂತೇ ಮಾಡುತ್ತಿದ್ದರಂತೆ.

ನಾನು ನಕ್ಕೆ. ಎಷ್ಟು ನಕ್ಕೆನೆಂದರೆ, ಕೂತಿದ್ದ ಎತ್ತರದ ಕುರ್ಚಿಯಿಂದ ಜಾರಿ ಪಕ್ಕದ ತಗ್ಗಿನ ಸೋಫಾಕ್ಕೆ ಬಿದ್ದೆ. ಅಷ್ಟು ಹೊತ್ತಿಗೆ ಯಜಮಾನರೂ ಪ್ರೇಮಲತಾ ಅವರೂ ಅಂಗಳದಲ್ಲಿ ಒಣಹಾಕಿದ ಮೆಣಸು ನೋಡಲು ಹೊರಗೆ ಹೋಗಿದ್ದರು. ನನಗೆ ಏಳಲಾಗದು, ಮಂಜಯ್ಯನವರಿಗೆ ಬಗ್ಗಿ ಕೈಕೊಡಲಾಗದು. ತಮ್ಮ ಕಂಪನಿಯ ಎರಡು ಹೆಮ್ಮೆಯ ಮಂಡಿಗಳು, ಒಂದು ಕೂತಲ್ಲಿ, ಒಂದು ನಿಂತಲ್ಲಿ, ಪರಸ್ಪರ ನೋಡಿಕೊಂಡವು. ಫೋಟೋ ಇಲ್ಲದ್ದಕ್ಕೆ ಕ್ಷಮೆಯಿರಲಿ. ಪುಸ್ತಿಕೆಯ ಮುಖಪುಟಕ್ಕೆ ಆಗುತ್ತಿತ್ತು.

ನಗು ನಿಂತ ಮೇಲೆ ಮಂಜಯ್ಯನವರು ಗೋಡೆ ನೋಡುತ್ತ ಹೇಳಿದರು: “ಅಕ್ಕ, ಬಗ್ಗಿಸಿದ್ರೆ ಒಳಗೆ ಕಟಕ್ ಅನ್ನುತ್ತೆ. ಮುರಿದೇ ಹೋಯ್ತು ಅಂತ ಹೆದ್ರಿಕೆ. ಗಂಡಸಾಗಿ ಹೆಂಗೆ ಹೇಳದು?” ನನಗೂ ಹಾಗೇ ಅನ್ನುತ್ತದೆ, ನನಗೂ ಹಾಗೇ ಹೆದರಿಕೆ ಎಂದೆ. ಹಿಂದಿನ ದಿನದ ಕಮೋಡಿನ ಕಥೆಯನ್ನೂ ಹೇಳಿದೆ. ಅವರು ನಗಲಿಲ್ಲ. “ನಾನು ಬೀಳ್ತೀನಿ ಅಂತ ಬಾಗಿಲಿಗೆ ಚಿಲಕಾನೇ ಹಾಕಲ್ಲ ಅಕ್ಕ” ಎಂದರು. ಆಪರೇಷನ್ ಆದಂದಿನಿಂದ ನನಗೆ ಧೈರ್ಯ ಹೇಳಿದವರು ನೂರಾರು ಜನ. ಹೆದರಿಕೆ ಹೇಳಿದವರು ಇವರೊಬ್ಬರೇ. ಆ ಹೆದರಿಕೆಯಿಂದ ನನಗೆ ಬಂದಷ್ಟು ಬಲ ಆ ನೂರು ಧೈರ್ಯಗಳಿಂದ ಬಂದಿರಲಿಲ್ಲ.

ಅಂದಿನಿಂದ ರಕ್ಷಾ ನಮ್ಮಿಬ್ಬರನ್ನೂ ಒಟ್ಟಿಗೆ ಮಂಜಯ್ಯನವರ ಜಗಲಿಯ ಬೆಂಚಿನ ಮೇಲೆ ಕೂರಿಸಿ ಬಗ್ಗಿಸತೊಡಗಿದಳು. ಕಟಕ್ ಎನ್ನುವುದು ಉಕ್ಕು ಮುರಿಯುವ ಸದ್ದಲ್ಲ, ಬಿಗಿದ ಮಾಂಸ ಸಡಿಲಾಗುವ ಸದ್ದು ಎಂದು ಮುಂಚೆಯೂ ಹೇಳಿದ್ದಳಂತೆ; ಕಿರುಚಾಟದಲ್ಲಿ ನನಗೆ ಕೇಳಿಸಿರಲಿಲ್ಲ. ನಾನು ಅವಳ ಊರಿಗೂ ಮಂಜಯ್ಯನವರು ಅವಳ ಕಾಲೇಜಿಗೂ ಶಾಪ ಹಾಕುತ್ತಿದ್ದೆವು. “ನೀವಿಬ್ರೂ ಒಟ್ಟಿಗೆ ಕೂಗಿದ್ರೆ ಬಸ್ಸು ನಿಲ್ಸಿ ಜನ ಇಳೀತಾರೆ, ಒಬ್ಬೊಬ್ರೇ ಕೂಗಿ” ಎಂದಳು. ಪವಾಡವೇನೂ ನಡೆಯಲಿಲ್ಲ ಮಾನ್ಯರೇ. ಒಂದು ವಾರ ಬಗ್ಗಿದ್ದು ಮರುವಾರ ಊದಿಕೊಂಡು ಮುಷ್ಕರ ಹೂಡಿತು. ನಾನು ಇನ್ನು ಬರುವುದಿಲ್ಲವೆಂದು ಮಲಗಿದೆ. ಮಂಜಯ್ಯನವರು ಫೋನು ಮಾಡಿ, “ಅಕ್ಕ, ನೀವು ಬರ್ದಿದ್ರೆ ಬೈಯಕ್ಕೆ ಜೊತೆ ಇಲ್ಲ” ಎಂದರು. ಹೋದೆ.

ಮುಂದಿನ ಸಲ ಡಾಕ್ಟರು ನನ್ನ ಕಾಲನ್ನು ಬಗ್ಗಿಸಿ ನೋಡಿ, ಸಾಕು, ಹೀಗೇ ಮುಂದುವರಿಸಿ ಎಂದರು. ಮಂಜಯ್ಯನವರದು ಪಾಸಾಗಲಿಲ್ಲ. ಅವರು ಶುರು ಮಾಡಿದ್ದೇ ತಡವಾಗಿತ್ತು. ಪ್ರಜ್ಞೆ ತಪ್ಪಿಸಿ ಬಗ್ಗಿಸಲು ಒಳಗೆ ಕರೆದುಕೊಂಡು ಹೋಗುವಾಗ ಅವರ ಮುಖ ಬೂದಿಯಾಗಿತ್ತು. ಪ್ರೇಮಲತಾ ನನ್ನ ಕೈ ಹಿಡಿದುಕೊಂಡೇ ಬಾಗಿಲ ಹೊರಗೆ ಕೂತಿದ್ದರು. ಎಚ್ಚರವಾದ ಮೇಲೆ ಮಂಜಯ್ಯನವರು ತೊದಲುತ್ತ ಕೇಳಿದ ಮೊದಲ ಮಾತು, “ಅಕ್ಕ, ಬಗ್ಗಿತಾ?” ಬಗ್ಗಿತು ಎಂದೆ. “ನಿಮಗಿಂತ ಜಾಸ್ತಿನಾ?” ಎಂದರು. ಸ್ವಾಮಿ, ನಿಜವಾಗಿಯೂ ಜಾಸ್ತಿಯೇ ಬಗ್ಗಿತ್ತು. ಈಗ ಅದರದ್ದೂ ವಿಡಿಯೋ ಬಂದಿದೆ.

ನಾನು ಮೊನ್ನೆ ಕೋಲು ಹಿಡಿದು ಕೆಳಗಿನ ತೋಟಕ್ಕೆ ಇಳಿದೆ. ಏಡಿಯ ಹಾಗೆ ಅಡ್ಡಡ್ಡವಾಗಿ, ಒಂದೊಂದು ಗಿಡವನ್ನೂ ವಿಚಾರಿಸಿಕೊಂಡು. ಯಜಮಾನರು ಹಿಂದಿನಿಂದ ಎರಡೂ ಕೈ ಚಾಚಿಕೊಂಡು, ಹಾರುವ ಕೋಳಿ ಹಿಡಿಯುವವರ ಹಾಗೆ ಬರುತ್ತಿದ್ದರು. ನಾನು ಅಲ್ಲಿ ಮುಟ್ಟುವಷ್ಟರಲ್ಲಿ ಕೊಯ್ಲು ಬಹುಪಾಲು ಮುಗಿದು ಗಿಡದ ರೆಂಬೆಗಳಲ್ಲಿ ಅಲ್ಲೊಂದು ಇಲ್ಲೊಂದು ಹಣ್ಣು ಉಳಿದಿತ್ತು. ಒಂದನ್ನು ಕಿತ್ತು ಬಾಯಿಗೆ ಹಾಕಿಕೊಂಡು ಸಿಹಿ ಚೀಪಿ ಬೀಜ ಉಗಿದೆ. ಹತ್ತಿ ಬರುವಾಗ ಮೂರು ಕಡೆ ಕೂತೆ. ಮೂರು ಕಡೆಯೂ ಎದ್ದೆ, ನಾನೇ.

ಆದ್ದರಿಂದ ತಮ್ಮಲ್ಲಿ ನನ್ನ ನಮ್ರ ಬೇಡಿಕೆಗಳಿಷ್ಟು. ಮುಂದಿನ ಮಂಡಿಯನ್ನು ಘಟ್ಟದ ಇಳಿಜಾರು, ಪಾಚಿಗಟ್ಟಿದ ಕಲ್ಲು, ಚರಂಡಿಯ ಮೇಲಿನ ಒಂಟಿ ಹಲಗೆ ಇವನ್ನು ಗಮನದಲ್ಲಿಟ್ಟು ತಯಾರಿಸುವುದು. ನೋಡಲು ಬಂದವರು ತಮ್ಮ ಷಡ್ಡಕನ ಕಥೆ ತೆಗೆದ ಕೂಡಲೇ ಅದು ತಾನಾಗಿ ಎದ್ದು ಅವರನ್ನು ಒದೆಯುವಂತೆ ಮಾಡುವುದು. ಸಾಧ್ಯವಾದರೆ ತಾವೇ ಖುದ್ದಾಗಿ ಒಂದನ್ನು ಹಾಕಿಸಿಕೊಂಡು ಜಾವಳಿಗೆ ದಯಮಾಡಿಸುವುದು. ಸಮುದ್ರದ ಏರ್ಪಾಡು ಇಲ್ಲ. ಊಟದ ಏರ್ಪಾಡು ಇದೆ.

ತಮ್ಮ ಉಕ್ಕನ್ನು ಹೊತ್ತು ತಿರುಗುತ್ತಿರುವ ವಿಶ್ವಾಸಿ,
ಸಾವಿತ್ರಮ್ಮ
ಜಾವಳಿ

ವಿ.ಸೂ.: ನಿನ್ನೆ ಕಳಸದ ಕಡೆಯ ಎಸ್ಟೇಟಿನಲ್ಲಿ ಕೆಲಸ ಮಾಡುವ ಯಲ್ಲಮ್ಮ ಎಂಬುವರು ಯಾರಿಂದಲೋ ನನ್ನ ನಂಬರು ಪಡೆದು ಫೋನು ಮಾಡಿದ್ದರು. ಮುಂದಿನ ತಿಂಗಳು ಅವರಿಗೂ ಮಂಡಿ ಹಾಕುತ್ತಾರಂತೆ. “ಅಮ್ಮ, ನಿಜ ಹೇಳಿ, ಬಾಳ ನೋಯುತ್ತಾ?” ಎಂದರು. ಯಜಮಾನರು ಎದುರಿಗೆ ನಿಂತು ಇಲ್ಲ ಎನ್ನುವಂತೆ ಕೈಸನ್ನೆ ಮಾಡಿದರು. ನಾನು, “ಹೂಂ, ಬಾಳ ನೋಯುತ್ತೆ, ತಿಂಗಳುಗಟ್ಲೆ ನೋಯುತ್ತೆ, ಕೂಗ್ಬೇಕು ಅನ್ಸಿದಾಗ ನಂಗೆ ಫೋನ್ ಮಾಡಿ” ಎಂದೆ. ಯಲ್ಲಮ್ಮ, “ಹಂಗಾದ್ರೆ ಮಾಡಿಸ್ಕೊತೀನಿ ಬಿಡಿ” ಎಂದರು. ಈ ಮಾತನ್ನು ತಮ್ಮ ಜಾಹೀರಾತು ವಿಭಾಗದ ಅವಗಾಹನೆಗೆ ತರಬೇಕಾಗಿ ವಿನಂತಿ.