ಆರಿದ ಬೆಂಕಿಯಲ್ಲಿ ಸತ್ತವನು

ಬೆಂಕಿ ಆರಿದೆಯೇ ಇಲ್ಲವೇ ಎಂದು ತೀರ್ಮಾನಿಸುವ ಅಧಿಕಾರ ಬೆಂಕಿಗೆ ಇಲ್ಲ. ಅದು ಅಗ್ನಿಶಾಮಕ ಠಾಣೆಯ ಮುಖ್ಯಸ್ಥರಿಗೆ ಸೇರಿದ್ದು. ಅವರು ಕೊರಳಲ್ಲಿ ನೇತಾಡುವ ಹಿತ್ತಾಳೆ ಸೀಟಿಯನ್ನು ಒಮ್ಮೆ ಉದ್ದಕ್ಕೆ ಊದಿದರೆ ಬೆಂಕಿ ಆರಿದಂತೆ. ಆಮೇಲೂ ಉರಿಯುವುದು ಶಿಸ್ತಿನ ಉಲ್ಲಂಘನೆ.

ಹಾಸಿಗೆ ಗೋದಾಮಿಗೆ ಬೆಂಕಿ ಬಿದ್ದ ದಿನ ಸೀಟಿ ತುಸು ಬೇಗ ಆಯಿತು. ಮಂತ್ರಿಗಳ ಕಾರು ಬೀದಿಯ ತಿರುವಿಗೆ ಬಂದಿತ್ತು. ಆರಿದ ಬೆಂಕಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವುದು ಅವರ ವಾಡಿಕೆ. ಉರಿಯುವುದರ ಮುಂದೆ ನಿಂತರೆ ಬೆವರುತ್ತಾರೆ. ಸೀಟಿ ಕೇಳಿದಾಗ, ಎಲ್ಲರೂ ಮೀಸೆ ಎಂದೇ ಕರೆಯುತ್ತಿದ್ದ ಪೈಪಿನವನು ಇನ್ನೂ ಒಳಗಿದ್ದ. ಗೋದಾಮಿನ ಮುದಿ ಕಾವಲುಗಾರನನ್ನು ಕಿಟಕಿಯಿಂದ ಆಚೆ ತಳ್ಳಿದ. ತಾನು ಹೊರಬರುವಷ್ಟರಲ್ಲಿ ಛಾವಣಿ ಕುಸಿಯಿತು. ಫೋಟೊ ಚೆನ್ನಾಗಿ ಬಂತು.

ಕರ್ತವ್ಯದಲ್ಲಿ ಸತ್ತವರ ಮನೆಯವರಿಗೆ ಪರಿಹಾರವುಂಟು. ಠಾಣೆಯ ಹಿಂದಿನ ವಸತಿಗೃಹದಲ್ಲಿ ಮಕ್ಕಳು ದೊಡ್ಡವರಾಗುವ ತನಕ ಇರಲೂಬಹುದು. ಮೀಸೆಯ ಹೆಂಡತಿಗೆ ಮಾತ್ರ ಮನೆ ಖಾಲಿ ಮಾಡಿ ಎಂಬ ನೋಟಿಸು ಬಂತು. ಮಗಳನ್ನು ಶಾಲೆಗೆ ಬಿಟ್ಟು ನೆಟ್ಟಗೆ ಪರಿಹಾರ ಕಚೇರಿಗೆ ನಡೆದಳು.

ಪರಿಹಾರಾಧಿಕಾರಿಗಳು ಸಭ್ಯ ಮನುಷ್ಯರು. ಕುರ್ಚಿ ತೋರಿಸಿದರು.

"ನೋಡಿ ಅಮ್ಮ, ನಿಮ್ಮ ಯಜಮಾನರು ಬೆಂಕಿ ಆರಿದ ಮೇಲೆ ತೀರಿಕೊಂಡಿದಾರೆ."

"ಬೆಂಕಿ ಆರಿದ್ರೆ ಸುಟ್ಟಿದ್ದು ಹೇಗೆ ಸಾರ್?"

"ಅದನ್ನೇ ನಾವೂ ಅವರನ್ನ ಕೇಳಬೇಕು ಅಂತಿದ್ವಿ. ಸೀಟಿ ಆದ್ಮೇಲೆ ಇನ್ನೊಬ್ಬರ ಗೋದಾಮಲ್ಲಿ ಅವರಿಗೇನು ಕೆಲಸ? ಇದು ಅತಿಕ್ರಮ ಪ್ರವೇಶ. ನಿಮ್ಮ ಮುಖ ನೋಡಿ ಕೇಸು ಹಾಕಿಲ್ಲ."

"ದೊಡ್ಡ ಮನಸ್ಸು ನಿಮ್ದು."

"ಇರಲಿ ಬಿಡಿ," ಎಂದರು ಅಧಿಕಾರಿಗಳು, ನಾಚಿಕೊಂಡು.

ಮರುದಿನ ಅವಳು ಕಾವಲುಗಾರನನ್ನೇ ಕರೆತಂದಳು. ಅವನ ಒಂದು ಕೈಗೆ ಪಟ್ಟಿ ಕಟ್ಟಿತ್ತು.

"ನನ್ನನ್ನ ಉಳಿಸಿದ್ದು ಅವನೇ ಸ್ವಾಮಿ. ಸುತ್ತಲೂ ಧಗಧಗ ಅಂತಿತ್ತು."

"ಆಚೆ ಬಂದಿದ್ದು ಸೀಟಿಗೆ ಮುಂಚೆನೋ, ಆಮೇಲೋ?"

"ಆಮೇಲೆ."

"ಹಾಗಾದ್ರೆ ನೀವು ಅಪಾಯದಲ್ಲೇ ಇರ್ಲಿಲ್ಲ. ಸುಮ್ಮನೆ ನಿಂತಿದ್ದ ವಯಸ್ಸಾದವರನ್ನ ಕಿಟಕಿಯಿಂದ ತಳ್ಳಿದಾರೆ. ಕೈ ಬೇರೆ ಮುರಿದಿದೆ. ದೂರು ಕೊಡ್ತೀರಾ?"

ಕಾವಲುಗಾರ ಮುರಿದ ಕೈಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡ.

ಅಷ್ಟರಲ್ಲಿ ಅಧಿಕಾರಿಗಳ ತಲೆಯ ಹಿಂದಿನ ಸ್ವಿಚ್ ಬೋರ್ಡ್ ಚಟಚಟ ಎಂದು ಕಿಡಿ ಕಾರಿತು. ಪರದೆಗೆ ಹತ್ತಿಕೊಂಡಿತು. ಎಲ್ಲರೂ ಅಂಗಳಕ್ಕೆ ಓಡಿದರು. ಗಾಡಿ ಬಂತು, ಮುಖ್ಯಸ್ಥರು ಇಳಿದರು, ಪೈಪು ಬಿಚ್ಚಿದರು. ಮಂತ್ರಿಗಳು ಪಕ್ಕದ ಬೀದಿಯಲ್ಲೇ ಇದ್ದಾರೆ, ಹೀಗೇ ಬರುತ್ತಾರೆ ಎಂದು ಫೋನೂ ಬಂತು. ಮುಖ್ಯಸ್ಥರು ಸೀಟಿ ಊದಿದರು. ಧ್ವನಿವರ್ಧಕ ಹೇಳಿತು: "ಬೆಂಕಿ ಆರಿದೆ. ಸಿಬ್ಬಂದಿಯು ತಂತಮ್ಮ ಸ್ಥಾನಗಳಿಗೆ ಮರಳತಕ್ಕದ್ದು."

ಬೆಂಕಿ ಇಲ್ಲದಾಗ ಕೆಲಸದ ಹೊತ್ತಿನಲ್ಲಿ ಅಂಗಳದಲ್ಲಿ ನಿಲ್ಲುವುದು ಕರ್ತವ್ಯಲೋಪ. ಎಲ್ಲರೂ ಕೆಮ್ಮುತ್ತ ಒಳಗೆ ಹೋದರು. ಅಧಿಕಾರಿಗಳು ಕುರ್ಚಿಯಲ್ಲಿ ಕೂತರು. ಮೀಸೆಯ ಹೆಂಡತಿ ಮೂಗಿಗೆ ಒದ್ದೆ ಕರ್ಚೀಫು ಹಿಡಿದು ಎದುರಿಗೇ ಬಂದು ಕೂತಳು.

"ಸಾರ್, ನಿಮ್ಮ ಹಿಂದೆ ಪರದೆ ಉರೀತಿದೆ."

"ಸೀಟಿ ಆಗಿದೆಯಲ್ಲಮ್ಮ."

"ಆಗಿದೆ. ಅದಕ್ಕೇ ಕೇಳ್ತಿದೀನಿ. ನಾಳೆ ನಿಮ್ಮ ಮನೆಯವರು ಪರಿಹಾರ ಕೇಳೋಕೆ ಬಂದ್ರೆ ಈ ಕುರ್ಚೀಲೇ ಕೂರಬೇಕಾ, ಬೇರೆ ಹಾಕಿಸ್ತಾರಾ?"

ಅಧಿಕಾರಿಗಳು ಮೊದಲ ಸಲ ಹಿಂತಿರುಗಿ ನೋಡಿದರು. ಒಂದು ಹಾಳೆ ಎಳೆದುಕೊಂಡು, ಕಣ್ಣೊರೆಸಿಕೊಳ್ಳುತ್ತ ಬರೆದರು: "ಸೀಟಿಯ ನಂತರವೂ ಉರಿಯುವ ಬೆಂಕಿಯನ್ನು ಉಳಿಕೆ ಬೆಂಕಿ ಎಂದು ಪರಿಗಣಿಸತಕ್ಕದ್ದು. ಉಳಿಕೆ ಬೆಂಕಿಯಲ್ಲಿ ಮೃತರಾದವರು ಕರ್ತವ್ಯದಲ್ಲೇ ಮೃತರಾದರೆಂದು ಭಾವಿಸತಕ್ಕದ್ದು. ಈ ಕ್ಷಣದಿಂದ ಜಾರಿ." ಮೊಹರು ಒತ್ತಿದರು. ಅಷ್ಟು ಹೊತ್ತಿಗೆ ಕುರ್ಚಿಗೂ ಬೆಂಕಿ ತಗುಲಿದ್ದರಿಂದ ಅವರ ಸ್ಥಾನವು ಅಂಗಳಕ್ಕೆ ಸ್ಥಳಾಂತರಗೊಂಡಿತು. ಹಾಳೆಯನ್ನು ಮೀಸೆಯ ಹೆಂಡತಿ ಎತ್ತಿಕೊಂಡು ಬಂದಳು.

"ಹಾಗಾದ್ರೆ ನಮ್ಮನೆಯವರದ್ದೂ ಆಯ್ತಲ್ಲ ಸಾರ್?"

"ಅವರದು ಹಳೇ ಸಾವಮ್ಮ. ಇದು ಇವತ್ತಿಂದ. ಆ ಹಾಳೆ ಕೊಡಿ."

"ಕೊಡ್ತೀನಿ. ಇಲ್ಲಾಂದ್ರೆ ಒಳಗೇ ಇಟ್ಟು ಬರ್ತೀನಿ. ಬೆಂಕಿ ಆರಿದೆಯಲ್ಲ, ಏನೂ ಆಗಲ್ಲ."

ಒಳಗೆ ಕಪಾಟೊಂದು ಧಡಾರನೆ ಬಿತ್ತು. ಅಧಿಕಾರಿಗಳು ಯೋಚಿಸಿದರು.

"ಒಂದು ದಾರಿ ಇದೆ. ಅವರ ಸಾವನ್ನ ಸ್ವಲ್ಪ ಮುಂದಕ್ಕೆ ಹಾಕಬಹುದು."

"ಎಲ್ಲೀವರೆಗೆ?"

"ಮುಂದಿನ ಉಳಿಕೆ ಬೆಂಕಿವರೆಗೆ. ಅಲ್ಲೀತನಕ ಅವರು ಕೆಲಸದಲ್ಲಿ ಇದ್ದ ಹಾಗೆ. ಮನೇನೂ ನಿಮ್ದೇ."

"ಇವತ್ತಿನದರಲ್ಲೇ ಸಾಯಿಸಿಬಿಡಿ ಸಾರ್. ಹೇಗೂ ಉರೀತಿದೆ."

"ಬೆಳಗ್ಗೆ ಅವರು ಹಾಜರಿ ಹಾಕಿಲ್ಲವಲ್ಲಮ್ಮ."

ಅಂದಿನಿಂದ ಠಾಣೆಯಲ್ಲಿ ಬೆಳಗ್ಗೆ ಮೀಸೆಯ ಹೆಸರನ್ನೂ ಕೂಗುತ್ತಾರೆ. ಜೊತೆಯವರು ಸರದಿಯಂತೆ "ಇದೀನಿ ಸಾರ್" ಎನ್ನುತ್ತಾರೆ. ಉತ್ತರ ತಡವಾದರೆ ಮುಖ್ಯಸ್ಥರು ಮೀಸೆಯನ್ನು ಗದರುತ್ತಾರೆ. ಒಂದು ದಿನವೂ ರಜೆ ಹಾಕದ ನೌಕರನೆಂದು ಅವನಿಗೆ ಪ್ರಶಂಸಾಪತ್ರವೂ ಬಂತು. ಸಮವಸ್ತ್ರ ಶುಚಿಯಾಗಿರಬೇಕೆಂಬ ನಿಯಮದಂತೆ ಹೆಂಡತಿ ಸಂಜೆ ಅವನ ಅಂಗಿ ಒಗೆದು, ಇಸ್ತ್ರಿ ಮಾಡಿ, ಠಾಣೆಯ ಗೂಟಕ್ಕೆ ನೇತುಹಾಕಿ ಬರುತ್ತಾಳೆ.

"ಯಾವಾಗಂತೆ ನಿಮ್ಮನೆಯವರದು?" ಎಂದು ಪಕ್ಕದ ಮನೆಯವಳು ಬಾಗಿಲಲ್ಲಿ ನಿಂತು ಕೇಳಿದಳು.

"ಮಂತ್ರಿಗಳಿಗೆ ಬಿಡುವಾಗಬೇಕಂತೆ ಅಕ್ಕ. ಬೆಂಕಿಗೇನು, ಎಲ್ಲಾದ್ರೂ ಬೀಳುತ್ತೆ. ಅವರು ಬಂದ್ರೆ ತಾನೆ ಸೀಟಿ ಬೇಗ ಆಗೋದು."

"ಹೌದು ಮತ್ತೆ," ಎಂದಳು ಪಕ್ಕದ ಮನೆಯವಳು.

ಮೂಲೆಯಲ್ಲಿ ಓದುತ್ತಿದ್ದ ಮಗಳು ತಲೆ ಎತ್ತಿದಳು. "ಅಮ್ಮ, ಅಪ್ಪ ಸಾಯೋ ದಿನ ನಂಗೆ ಸ್ಕೂಲಿಗೆ ರಜೆ ಕೊಡ್ತಾರಾ?"

"ಕೇಳಿ ನೋಡ್ತೀನಿ ಮಗಳೇ," ಎಂದು ಅವಳು ಅಂಗಿಯನ್ನು ಮಗುಚಿ ಹಾಕಿ, ಕಾಲರಿಗೆ ಇಸ್ತ್ರಿ ಒತ್ತಿದಳು.