ಶೇಕಡಾ ಎಪ್ಪತ್ತೊಂದರ ಮಗು

ಜನನ ದಾಖಲಾತಿ ಕಚೇರಿಯ ಬ್ಯಾಕಪ್ ಟೇಪು ಸತತ ಹತ್ತೊಂಬತ್ತು ದಿನ ಶೇಕಡಾ ಎಪ್ಪತ್ತೊಂದಕ್ಕೆ ಬಂದು ನಿಂತಿತೆಂಬುದು ನಿರ್ವಿವಾದ. ಇದಕ್ಕೆ ಕಾರಣ ಆರು ವರ್ಷದ ಒಂದು ಹೆಣ್ಣುಮಗು ಎಂದು ಕಚೇರಿ ಕಂಡುಹಿಡಿದದ್ದು ಇಪ್ಪತ್ತನೆಯ ದಿನ. ಆ ಕಚೇರಿಯ ಟೇಪ್ ಗುಮಾಸ್ತ ನಾನೇ ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆದಿಡುವುದು ನನ್ನ ಕರ್ತವ್ಯ. ಹೊರಗೆ ಜನ ಏನೇನೋ ಆಡಿಕೊಳ್ಳುತ್ತಿದ್ದಾರೆ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಬಾರದಾಗಿ ವಿನಂತಿ.

ಮೊದಲು ವ್ಯವಸ್ಥೆ ತಿಳಿಯಬೇಕು. ಕಳೆದ ಇಪ್ಪತ್ತು ವರ್ಷದಲ್ಲಿ ಈ ಊರಿನಲ್ಲಿ ಹುಟ್ಟಿದವರೆಲ್ಲರೂ ಹುಟ್ಟಿದ ತಾರೀಕು, ತಂದೆ ತಾಯಿ ಸಮೇತ ನಮ್ಮ ಸರ್ವರಿನೊಳಗೆ ಇದ್ದಾರೆ. ಸರ್ವರು ಎಂದರೆ ಹಿಂದಿನ ಕೋಣೆಯಲ್ಲಿ, ಕಾಲು ಮುರಿದ ಕುರ್ಚಿಗಳ ಪಕ್ಕ, ಹಗಲಿಡೀ ಗುಂಯ್ ಎನ್ನುವ ಕಪ್ಪು ಪೆಟ್ಟಿಗೆ. ಅದು ಎಂದಾದರೂ ಕೈಕೊಟ್ಟರೆ ಊರಿನ ಅರ್ಧ ಜನ ಹುಟ್ಟೇ ಇಲ್ಲದಂತಾಗುತ್ತದಲ್ಲ, ಆದ್ದರಿಂದ ದಿನವೂ ಊಟದ ವಿರಾಮದಲ್ಲಿ ಅದರೊಳಗಿನದನ್ನೆಲ್ಲ ಒಂದು ಟೇಪಿಗೆ ನಕಲು ಮಾಡುತ್ತೇವೆ. ನಾನು ಟೇಪನ್ನು ಡ್ರೈವಿನ ಬಾಯಿಗೆ ತಳ್ಳಿ, ಗುಂಡಿ ಒತ್ತಿ, ನನ್ನ ಬುತ್ತಿ ಬಿಚ್ಚುತ್ತೇನೆ. ಬುತ್ತಿ ಮುಗಿದು ಕೈ ತೊಳೆಯುವಷ್ಟರಲ್ಲಿ ಹಸಿರು ದೀಪ ಹತ್ತಬೇಕು. ಕಂಪ್ಯೂಟರು ಬಂದಾಗಿನಿಂದ ಕಾಗದದಲ್ಲಿ ಬರೆಯುವುದನ್ನು ನಿಲ್ಲಿಸಿದ್ದೇವೆ. ಆಸ್ಪತ್ರೆಯಿಂದ ಬರುವ ಚೀಟಿಗಳನ್ನು ನಮೂದಿಸಿದ ಮೇಲೆ ಹರಿದು ಹಾಕುತ್ತೇವೆ. ಮರಣ ಶಾಖೆ ಮೇಲಿನ ಮಹಡಿಯಲ್ಲಿದೆ. ಅವರದು ಇನ್ನೂ ಪುಸ್ತಕದಲ್ಲೇ ನಡೆಯುತ್ತದೆ, ಅಲ್ಲಿ ಯಾರಿಗೂ ಅವಸರವಿಲ್ಲ.

ನಿಯಮ ಹದಿನಾಲ್ಕರ ಪ್ರಕಾರ ಆಯಾ ದಿನದ ಬ್ಯಾಕಪ್ಪು ನೂರಕ್ಕೆ ನೂರು ಆಗದ ಹೊರತು ಒಂದೇ ಒಂದು ಜನನ ಪ್ರಮಾಣಪತ್ರವನ್ನೂ ಕೊಡತಕ್ಕದ್ದಲ್ಲ. ಹೀಗಾಗಿ ಟೇಪು ಎಪ್ಪತ್ತೊಂದಕ್ಕೆ ನಿಂತ ದಿನದಿಂದ ಪ್ರಮಾಣಪತ್ರದ ಕಿಟಕಿಯ ಕೆಲಸವೂ ನಿಂತಿತು, ಸಾಲು ಮಾತ್ರ ಬೆಳೆಯಿತು. ಆ ಸಾಲಿನಲ್ಲಿ ಒಂದು ದಿನವೂ ತಪ್ಪಿಸದೆ ನಿಂತವರು ಎದುರು ರಸ್ತೆಯ ಟೈಲರಮ್ಮ. ಮಗಳು ಪುಟ್ಟಿಯನ್ನು ಶಾಲೆಗೆ ಸೇರಿಸಬೇಕಿತ್ತು. ಕಳೆದ ವರ್ಷ ವಯಸ್ಸು ಎರಡು ತಿಂಗಳು ಕಡಿಮೆಯೆಂದು ಶಾಲೆಯವರು ವಾಪಸು ಕಳಿಸಿದ್ದರು. ಈ ವರ್ಷ ವಯಸ್ಸು ಸರಿಯಾಗಿತ್ತು, ಕಾಗದ ಇರಲಿಲ್ಲ, ತಿಂಗಳ ಕೊನೆಗೆ ಶಾಲೆಯ ಪ್ರವೇಶ ಮುಚ್ಚುತ್ತಿತ್ತು. ಟೈಲರಮ್ಮ ಆಗಲೇ ಸಮವಸ್ತ್ರ ಹೊಲಿದಿದ್ದರು. ಪುಟ್ಟಿ ಅದನ್ನು ಹಾಕಿಕೊಂಡು ದಿನಾ ಬೆಳಿಗ್ಗೆ ಶಾಲೆಗೆ ಹೋಗುವವಳ ಹಾಗೆ ನಮ್ಮ ಕಚೇರಿಗೆ ಬರುತ್ತಿದ್ದಳು.

"ಇವತ್ತಾದ್ರೂ ಆಗತ್ತಾ ಸ್ವಾಮಿ?" ಎಂದು ಟೈಲರಮ್ಮ ಕಿಟಕಿಗೆ ಮುಖವಿಟ್ಟು ಕೇಳುವರು.

"ಎಪ್ಪತ್ತೊಂದು ಆಗಿದೆ ಅಮ್ಮಾ," ಎನ್ನುವೆ ನಾನು.

"ನಿನ್ನೆನೂ ಅಷ್ಟೇ ಇತ್ತಲ್ಲ."

"ಕಡಿಮೆಯಂತೂ ಆಗಿಲ್ಲ."

ಹದಿನೈದನೆಯ ದಿನ ರಿಪೇರಿಯವನನ್ನು ಕರೆಸಲಾಯಿತು. ಅವನು ಕೆಲಸ ಬಲ್ಲವನು, ಅದೇ ಅವನ ದೋಷ. ಡ್ರೈವಿನ ತಲೆಯನ್ನು ಶುಚಿ ಮಾಡಿದ, ಕೇಬಲ್ಲು ಬಿಚ್ಚಿ ಮತ್ತೆ ಸಿಕ್ಕಿಸಿದ, ಸರ್ವರನ್ನು ಆರಿಸಿ ಹತ್ತಿಸಿದ. ಎಪ್ಪತ್ತೊಂದೇ. ಕೊನೆಗೆ ತನ್ನ ಚೀಲದಿಂದ ಒಂದು ಟೇಪು ತೆಗೆದು ಹಾಕಿದ. ಮೂವತ್ತನಾಲ್ಕು ನಿಮಿಷದಲ್ಲಿ ನೂರಕ್ಕೆ ನೂರಾಗಿ ಹಸಿರು ದೀಪ ಹತ್ತಿತು. ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಆ ಸದ್ದಿಗೆ ಕಚೇರಿಯ ಮುಖ್ಯಸ್ಥರಾದ ಸಾಹೇಬರು ಹೊರಗೆ ಬಂದರು.

"ನಿಮ್ಮ ಟೇಪು ಒಂದು ಕಡೆ ಸುಕ್ಕಾಗಿದೆ ಸಾರ್. ಆ ಸುಕ್ಕಿಗೆ ಬಂದ ಕೂಡ್ಲೆ ಬರೆಯೋಕಾಗದೆ ನಿಂತು ಬಿಡತ್ತೆ. ಹೊಸದೊಂದು ಹಾಕಿದ್ರೆ ಮುಗೀತು," ಎಂದ ರಿಪೇರಿಯವನು.

"ಈಗ ಒಳಗಿರೋದು ಯಾರ ಟೇಪು?"

"ನಂದೇ ಸಾರ್."

"ನಮ್ಮ ದಾಸ್ತಾನು ಪುಸ್ತಕದಲ್ಲಿ ಇದೆಯಾ?"

"ನನ್ನ ಟೇಪು ನಿಮ್ಮ ಪುಸ್ತಕದಲ್ಲಿ ಹೇಗಿರತ್ತೆ ಸಾರ್?"

"ಹಾಗಾದ್ರೆ ಇದು ಕಚೇರಿಯ ಬ್ಯಾಕಪ್ ಅಲ್ಲ, ನಿಮ್ಮ ಸ್ವಂತದ್ದು. ಊರಿನ ಜನನವನ್ನೆಲ್ಲ ಚೀಲದಲ್ಲಿ ಹಾಕ್ಕೊಂಡು ಹೋಗೋಕೆ ನಿಮಗೆ ಅಧಿಕಾರ ಕೊಟ್ಟೋರು ಯಾರು?"

ರಿಪೇರಿಯವನ ಮುಖ ಹುಳ್ಳಗಾಯಿತು. ಅವನ ಕೈಯಿಂದಲೇ ಆ ಟೇಪನ್ನು ಅಳಿಸಲಾಯಿತು. ರಿಜಿಸ್ಟರಿನಲ್ಲಿ ಆ ದಿನದ ಎದುರು "ಅನಧಿಕೃತ ಯಶಸ್ಸು, ಪುನರಾವರ್ತನೆಯಾಗದಂತೆ ಎಚ್ಚರಿಸಲಾಗಿದೆ" ಎಂದು ನಾನೇ ಷರಾ ಬರೆದೆ.

ಹೊಸ ಟೇಪಿಗೆ ನಾವು ಪ್ರಯತ್ನಿಸಲಿಲ್ಲ ಎಂದಲ್ಲ. ಉಗ್ರಾಣದ ಗಾಜಿನ ಬೀರುವಿನಲ್ಲಿ ಹೊಸ ಟೇಪುಗಳು ಪ್ಲಾಸ್ಟಿಕ್ ಹೊದಿಕೆ ಸಮೇತ ಸಾಲಾಗಿ ಕೂತಿವೆ, ನೋಡಲು ಯಾರ ಅಡ್ಡಿಯೂ ಇಲ್ಲ. ಆದರೆ ಅವುಗಳಲ್ಲೊಂದು ಕೈಗೆ ಬರಬೇಕಾದರೆ ಹಳೆಯ ಟೇಪು ಕೊನೆಯವರೆಗೆ ತುಂಬಿದೆ ಎಂಬ ದೃಢೀಕರಣ ಲಗತ್ತಿಸಬೇಕು. ನಮ್ಮದು ನಡುವೆಯೇ ನಿಲ್ಲುವುದರಿಂದ ತುಂಬಿಲ್ಲ. ತುಂಬದ ಟೇಪನ್ನು ಬದಲಾಯಿಸುವುದು ದುಂದುವೆಚ್ಚ. ಉಗ್ರಾಣದವರು ನನ್ನ ಇಂಡೆಂಟನ್ನು ಮೂರು ಸಲ ಇದೇ ಮಾತು ಹೇಳಿ ವಾಪಸು ಕಳಿಸಿದರು, ಮೂರೂ ಸಲ ಅವರ ಮಾತು ಸರಿಯಾಗಿಯೇ ಇತ್ತು.

ಇಪ್ಪತ್ತನೆಯ ದಿನ ಸಾಹೇಬರು ಹತ್ತೊಂಬತ್ತು ದಿನದ ದೋಷದ ಚೀಟಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತರು. ಡ್ರೈವು ನಿಂತಾಗಲೆಲ್ಲ ಯಾವ ಕಡತ ಬರೆಯುವಾಗ ನಿಂತಿತೆಂದು ಚೀಟಿಯ ಕೊನೆಯ ಸಾಲಿನಲ್ಲಿ ಅಚ್ಚಾಗುತ್ತದೆ. ಹತ್ತೊಂಬತ್ತೂ ಚೀಟಿಗಳಲ್ಲಿ ಕೊನೆಯ ಸಾಲು ಒಂದೇ ಆಗಿತ್ತು: ಕಡತ ೪೦೩೧೬, ಬರೆಯಲಾಗಲಿಲ್ಲ.

"ಯಾರ್ರೀ ಇದು ನಲವತ್ತು ಸಾವಿರದ ಮುನ್ನೂರ ಹದಿನಾರು?"

ತೆರೆದು ನೋಡಿದೆ. ಟೈಲರಮ್ಮನ ಪುಟ್ಟಿ.

"ದಿನಾ ಅದೇ ಮಗು ಅಡ್ಡ ಬರತ್ತೆ ಅಂದ್ರೆ ಅದು ಆಕಸ್ಮಿಕ ಅಲ್ಲ," ಎಂದರು ಸಾಹೇಬರು.

"ಸಾರ್, ಟೇಪಿನ ಸುಕ್ಕು ಅಂತ ರಿಪೇರಿಯವನು..."

"ಟೇಪಿನ ಮೇಲೆ ಕ್ರಮ ತಗೊಳ್ಳೋಕೆ ನಮ್ಮಲ್ಲಿ ನಿಯಮ ಇದೆಯಾ?"

"ಇಲ್ಲ ಸಾರ್."

"ಜನರ ಮೇಲೆ?"

"ಇದೆ ಸಾರ್."

"ಮತ್ತೆ?"

ನಾನು ನೋಟೀಸಿನ ನಮೂನೆ ತೆಗೆದೆ. ಅಂದೇ ಮಧ್ಯಾಹ್ನ ಈ ಕೆಳಕಂಡ ನೋಟೀಸು ಜಾರಿಯಾಯಿತು:

"ಕಡತ ಸಂಖ್ಯೆ ೪೦೩೧೬ರ ಸದರಿ ಮಗುವು ತನ್ನ ಜನನದ ಮೂಲಕ ಈ ಕಚೇರಿಯ ಬ್ಯಾಕಪ್ ಕಾರ್ಯಕ್ಕೆ ಸತತ ಹತ್ತೊಂಬತ್ತು ದಿನ ಅಡ್ಡಿಪಡಿಸಿರುವುದು ಮೇಲ್ನೋಟಕ್ಕೆ ಕಂಡುಬಂದಿರುತ್ತದೆ. ಆದ್ದರಿಂದ ಸದರಿಯವರ ಜನನವನ್ನು ಏಕೆ ರದ್ದುಪಡಿಸಬಾರದು ಎಂಬ ಬಗ್ಗೆ ಮೂರು ದಿನದೊಳಗೆ ಸ್ವಹಸ್ತದಲ್ಲಿ ಲಿಖಿತ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ಸದರಿಯವರಿಗೆ ಹೇಳುವುದೇನೂ ಇಲ್ಲವೆಂದು ಭಾವಿಸಿ ಮುಂದುವರಿಯಲಾಗುವುದು."

ಮರುದಿನ ಬಾಗಿಲು ತೆರೆಯುವ ಮೊದಲೇ ಟೈಲರಮ್ಮ ಬಂದಿದ್ದರು. ಕುತ್ತಿಗೆಯಲ್ಲಿ ಅಳತೆ ಪಟ್ಟಿ ಹಾಗೇ ಇತ್ತು. ತೆಗೆಯುವುದಕ್ಕೂ ಪುರುಸೊತ್ತಾಗಿರಲಿಲ್ಲ.

"ಸ್ವಾಮಿ, ಮಗು ಇಲ್ಲೇ ನಿಮ್ಮ ಮುಂದೆ ನಿಂತಿದೆಯಲ್ಲ!"

"ನಿಂತಿರೋದನ್ನ ನಾವು ಅಲ್ಲಗಳೆಯೋದಿಲ್ಲ ಅಮ್ಮಾ," ಎಂದರು ಸಾಹೇಬರು, ಬಹಳ ಸೌಜನ್ಯದಿಂದ. "ಹುಟ್ಟಿರೋದು ಮಾತ್ರ ಪರಿಶೀಲನೆಯಲ್ಲಿದೆ."

"ಸ್ವಂತ ಕೈಯಲ್ಲಿ ಬರೆದು ಕೊಡ್ಬೇಕು ಅಂದಿದೀರಿ. ಅವಳಿಗೆ ಬರೆಯೋಕೆ ಎಲ್ಲಿ ಬರತ್ತೆ? ಶಾಲೆಗೆ ಸೇರಿಸಿದ್ರೆ ತಾನೆ ಕಲಿಯೋದು?"

"ಅದು ಶಿಕ್ಷಣ ಇಲಾಖೆಗೆ ಸಂಬಂಧಪಟ್ಟಿದ್ದು."

ನಾನು ಪುಟ್ಟಿಗೆ ಒಂದು ಹಾಳೆ, ಪೆನ್ಸಿಲ್ಲು ಕೊಟ್ಟೆ. ನೆಲದ ಮೇಲೆ ಬೋರಲಾಗಿ ಮಲಗಿ, ನಾಲಿಗೆ ಕಚ್ಚಿಕೊಂಡು ಒಂದು ಮನೆ, ಮನೆಯ ಮುಂದೆ ಒಂದು ಹೊಲಿಗೆ ಯಂತ್ರ, ಯಂತ್ರಕ್ಕಿಂತ ದೊಡ್ಡದಾಗಿ ತನ್ನನ್ನೂ ಬರೆದಳು. ಚೆನ್ನಾಗಿತ್ತು. ಯಂತ್ರದ ಚಕ್ರಕ್ಕೆ ಹಿಡಿ ಕೂಡ ಇತ್ತು. ಸಾಹೇಬರು ಕನ್ನಡಕ ಏರಿಸಿ ಎರಡೂ ಬದಿ ನೋಡಿ, "ಸಮಜಾಯಿಷಿ ಸ್ವೀಕೃತ. ಆರೋಪವನ್ನು ಎಲ್ಲಿಯೂ ನಿರಾಕರಿಸಿರುವುದಿಲ್ಲ" ಎಂದು ಬರೆದು ಸಹಿ ಹಾಕಿದರು.

ಅಳಿಸುವ ಗುಂಡಿ ಒತ್ತಿದವನು ನಾನು. ಖಚಿತವೇ ಎಂದು ಯಂತ್ರ ಕೇಳಿತು. ಹೌದು ಎಂದೆ. ಮತ್ತೊಮ್ಮೆ ಕೇಳಿತು. ಇಡೀ ಕಚೇರಿಯಲ್ಲಿ ಎರಡು ಸಲ ಕೇಳಿದ್ದು ಆ ಯಂತ್ರ ಒಂದೇ. ಎರಡನೆಯ ಸಲ ಹೌದು ಎನ್ನುವುದು ಕೊಂಚ ತಡವಾಯಿತು, ಸುಳ್ಳು ಹೇಳುವುದಿಲ್ಲ. ಟೈಲರಮ್ಮ ನನ್ನ ಅಂಗಿಗಳನ್ನೆಲ್ಲ ಹೊಲಿದವರು, ಒಂದು ಸಲವೂ ಅಳತೆ ತಪ್ಪಿದವರಲ್ಲ. ಆದರೆ ಆ ತಡವನ್ನು ನಮೂದಿಸಲು ರಿಜಿಸ್ಟರಿನಲ್ಲಿ ಕಾಲಂ ಇಲ್ಲ.

ಅಂದಿನ ಬ್ಯಾಕಪ್ಪು ಶೇಕಡಾ ಎಪ್ಪತ್ತೊಂದಕ್ಕೆ ನಿಂತಿತು. ಕೊನೆಯ ಸಾಲು: ಕಡತ ೪೦೩೧೭, ಬರೆಯಲಾಗಲಿಲ್ಲ. ಒಂದು ಕಡತ ಹೋದರೆ ಮುಂದಿನದು ಸರಿದು ಬಂದು ಅದೇ ಸುಕ್ಕಿನ ಮೇಲೆ ಕೂರುತ್ತದೆಂದು ರಿಪೇರಿಯವನು ಫೋನಿನಲ್ಲಿ ಹೇಳಿದ. ಸಾಹೇಬರು ಬೇರೆಯದನ್ನೇ ಗಮನಿಸಿದ್ದರು. ೪೦೩೧೭ ಬೇಕರಿಯವರ ಮಗ, ಹುಟ್ಟಿದ್ದು ಪುಟ್ಟಿ ಹುಟ್ಟಿದ ದಿನವೇ, ಅದೇ ಆಸ್ಪತ್ರೆಯಲ್ಲಿ.

"ನೋಡಿದ್ರಾ?" ಎಂದರು ಸಾಹೇಬರು. "ಒಬ್ಬರ ಕೆಲಸ ಅಲ್ಲ ಇದು."

ಅವನನ್ನೂ ಅಳಿಸಿದೆವು. ೪೦೩೧೮ ಬಂತು. ಅದನ್ನೂ ಅಳಿಸಿದಾಗ ೪೦೩೧೯ ಬಂತು. ಪಿತೂರಿಯ ಆಳ ಈಗ ಸ್ಪಷ್ಟವಾಗಿತ್ತು. ಒಬ್ಬೊಬ್ಬರಿಗೇ ನೋಟೀಸು ಕೊಡುತ್ತಾ ಕೂತರೆ ಕಚೇರಿಯ ಕಾಗದವೆಲ್ಲ ಖರ್ಚಾಗುತ್ತದೆ ಎಂದು, ಆ ಕಡತದಿಂದ ಕೊನೆಯವರೆಗಿನ ಹದಿನಾರು ಸಾವಿರ ಚಿಲ್ಲರೆ ಜನನಗಳನ್ನು ಒಂದೇ ಆದೇಶದಲ್ಲಿ ರದ್ದುಪಡಿಸಲಾಯಿತು. ಮುಂಜಾಗ್ರತೆಗಾಗಿ ಅವುಗಳ ಹಿಂದಿನ ಒಂದು ಸಾವಿರವನ್ನೂ ತೆಗೆದೆವು. ಅವರು ಏನೂ ಮಾಡಿರಲಿಲ್ಲ, ಆದರೆ ಹತ್ತಿರದಲ್ಲೇ ಇದ್ದರು.

ಮರುದಿನ ನನ್ನ ಬುತ್ತಿ ಅರ್ಧವಾಗಿರುವಾಗಲೇ ಹಸಿರು ದೀಪ ಹತ್ತಿತು. ನೂರಕ್ಕೆ ನೂರು. ಸಾಹೇಬರು ನನ್ನ ಬೆನ್ನು ತಟ್ಟಿದರು, ಸಿಬ್ಬಂದಿಗೆಲ್ಲ ಸಿಹಿ ಹಂಚಲಾಯಿತು. ಆರು ವರ್ಷದಿಂದ ಒಂದೂ ಜನನವಾಗದಂತೆ ನೋಡಿಕೊಂಡ ಏಕೈಕ ಊರೆಂದು ಮೇಲಿನ ಕಚೇರಿಯಿಂದ ಅಭಿನಂದನಾ ಪತ್ರ ಬಂತು. ಅದನ್ನು ಚೌಕಟ್ಟು ಹಾಕಿಸಿ ಕಿಟಕಿಯ ಮೇಲೆ ತೂಗುಹಾಕಿದ್ದೇವೆ.

ರದ್ದಾದವರ ಹಿತವನ್ನೂ ಕಚೇರಿ ಮರೆಯಲಿಲ್ಲ. ನಾಲ್ಕನೆಯ ಕೌಂಟರಿನಲ್ಲಿ ಅವರಿಗೆ ಹೊಸದಾಗಿ ಹುಟ್ಟಲು ಏರ್ಪಾಡು ಮಾಡಲಾಯಿತು, ದಿನಕ್ಕೆ ಹನ್ನೆರಡು ಜನರಂತೆ. ತಿಂಗಳು ಮುಗಿಯಲು ಒಂದೇ ದಿನ ಇರುವಾಗ ಟೈಲರಮ್ಮನ ಸರದಿ ಬಂತು. ಅರ್ಜಿ ತುಂಬುವವನೂ ನಾನೇ.

"ಹುಟ್ಟಿದ ತಾರೀಕು?"

"ಮೊದ್ಲಿನದೇ ಬರೀರಿ ಸ್ವಾಮಿ. ಆರು ವರ್ಷದ ಹಿಂದಿನದು."

"ಇಪ್ಪತ್ತೊಂದು ದಿನ ದಾಟಿದ ಜನನಕ್ಕೆ, ಆಗಲೇ ಯಾಕೆ ನೋಂದಾಯಿಸಿಲ್ಲ ಅಂತ ವಿವರಣೆ ಬೇಕಾಗತ್ತೆ."

"ಆಗಲೇ ನೋಂದಾಯಿಸಿದ್ದೆ!"

"ದಾಖಲೆ ಇದೆಯಾ?"

ಟೈಲರಮ್ಮ ನನ್ನನ್ನು ನೋಡಿದರು. ನಾನು ಅರ್ಜಿಯನ್ನು ನೋಡಿದೆ.

"ಹಾಗಾದ್ರೆ ಏನು ಮಾಡೋದು?" ಎಂದರು.

"ಈ ವಾರದ ತಾರೀಕು ಯಾವುದಾದ್ರೂ ಹೇಳಿ, ಕೂಡ್ಲೆ ಆಗತ್ತೆ. ಸೋಮವಾರ ಅಂತ ಬರೀಲಾ?"

"ಸೋಮವಾರ ಹುಟ್ಟಿದ್ರೆ ಶಾಲೆಗೆ ಯಾವಾಗ ಸೇರಿಸೋದು?"

"ಆರು ವರ್ಷ ಆದ ಮೇಲೆ."

"ಬರೀದೇ ಇದ್ರೆ?"

"ಬರೀದೇ ಇದ್ರೆ ಅವಳು ಇಲ್ಲವೇ ಇಲ್ಲ ಅಮ್ಮಾ. ನಾಳೆ ಔಷಧಿ, ಪಡಿತರ, ಏನೂ ಸಿಗಲ್ಲ."

ಪುಟ್ಟಿ ಸಮವಸ್ತ್ರದ ಗುಂಡಿ ತಿರುವುತ್ತಾ ನಿಂತಿದ್ದಳು. ನನಗೆ ಎದ್ದು ಹೋಗಿ ಆ ಟೇಪನ್ನು ಬೀದಿಗೆ ಎಸೆದುಬಿಡೋಣ ಅನ್ನಿಸಿತು. ಆದರೆ ಟೇಪು ನನ್ನ ಸಹಿಯಲ್ಲಿದೆ, ಕಳೆದರೆ ನಾನೇ ಉತ್ತರ ಹೇಳಬೇಕು.

"ಸೋಮವಾರ ಅಂತಲೇ ಬರೀರಿ," ಎಂದರು ಟೈಲರಮ್ಮ.

ತೂಕ: ಹದಿನೆಂಟು ಕಿಲೋ. ಹೆರಿಗೆ: ಸುಸೂತ್ರ. ತಾಯಿ, ಮಗು: ಕ್ಷೇಮ. ಇಷ್ಟನ್ನು ಬರೆದು, ಸಾಹೇಬರ ಸಹಿಗೆ ಒಳಗಿನ ಕೋಣೆಗೆ ಹೋಗಬೇಕೆಂದು ಹೇಳಿದೆ. ಅಲ್ಲಿ ಬಾಗಿಲ ಮೇಲೆ ಹೊಸ ಫಲಕವಿತ್ತು: "ನವಜಾತ ಶಿಶುಗಳನ್ನು ಎತ್ತಿಕೊಂಡೇ ಬರತಕ್ಕದ್ದು. ನಡೆದು ಬಂದ ಶಿಶುಗಳನ್ನು ಪರಿಗಣಿಸಲಾಗುವುದಿಲ್ಲ." ಸಾಲಿನುದ್ದಕ್ಕೂ ತಂದೆ ತಾಯಂದಿರು ನಾಲ್ಕು, ಐದು ವರ್ಷದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಬೆವರುತ್ತಿದ್ದರು. ಯಾರೂ ಗೊಣಗಲಿಲ್ಲ. ಬೇಕರಿಯವರಂತೂ ಮಗನ ಬೆನ್ನು ತಟ್ಟುತ್ತಾ ಜೋಜೋ ಎನ್ನುತ್ತಿದ್ದರು.

ಟೈಲರಮ್ಮ ಬಗ್ಗಿ ಪುಟ್ಟಿಯನ್ನು ಎತ್ತಿಕೊಂಡರು. ಅವಳ ಉದ್ದ ಕಾಲುಗಳು ಅಮ್ಮನ ಮೊಣಕಾಲಿನವರೆಗೆ ಜೋತಾಡಿದವು.

"ಅಮ್ಮಾ, ಇಳಿಸು. ನಂಗೆ ಆರು ವರ್ಷ," ಎಂದಳು ಪುಟ್ಟಿ.

"ಸುಮ್ನಿರು. ನೀನು ಹುಟ್ಟಿ ನಾಲ್ಕು ದಿನ ಆಯ್ತು ಅಷ್ಟೆ. ನಾಲ್ಕು ದಿನದ ಕೂಸು ಮಾತಾಡಲ್ಲ."

ಪುಟ್ಟಿ ಅಮ್ಮನ ಮುಖ ನೋಡಿದಳು. ತಮಾಷೆಯಲ್ಲವೆಂದು ತಿಳಿದು ಬಾಯಿ ಮುಚ್ಚಿ ಹೆಗಲಿಗೆ ತಲೆಯಿಟ್ಟಳು. ಕೈಗೂಸು ಇದೆ, ದಾರಿ ಬಿಡಿ ಎಂದು ಮುಂದಿದ್ದವರೆಲ್ಲ ಪಕ್ಕಕ್ಕೆ ಸರಿದರು. ನಾನು ಎದ್ದು ಹೋಗಿ ಬಾಗಿಲು ಹಿಡಿದುಕೊಂಡೆ.

"ಕತ್ತು ಹುಷಾರು ಅಮ್ಮಾ," ಎಂದೆ. "ಇನ್ನೂ ಎಳೆಯದು."

ಟೈಲರಮ್ಮ ಪುಟ್ಟಿಯ ತಲೆಯ ಹಿಂದೆ ಅಂಗೈ ಕೊಟ್ಟು ಒಳಗೆ ಹೋದರು.