ಮೂರನೇ ತೊಟ್ಟಿಯ ಸಮುದ್ರ

ಬಾದಾಮಿ ತಾಲೂಕಿನ ಸಮುದ್ರವು ಕಳೆದ ಆಗಸ್ಟ್ ಹನ್ನೊಂದರಂದು, ಮಧ್ಯಾಹ್ನದ ಊಟವಾದ ಮೇಲೆ, ಅಸ್ತಿತ್ವಕ್ಕೆ ಬಂದಿತು. ಉದ್ದ ನಲವತ್ತು ಅಡಿ, ಅಗಲ ಇಪ್ಪತ್ತು, ಆಳ ನಾಲ್ಕೂವರೆ. ಅದಕ್ಕೂ ಮೊದಲು ಅದು ಶಿವಯೋಗ ಮಂದಿರದ ಹತ್ತಿರ, ಮಲಪ್ರಭೆಯ ದಂಡೆಯಲ್ಲಿರುವ ಹಾವುಮೀನು ತಳಿ ಕೇಂದ್ರದ ಮೂರನೇ ತೊಟ್ಟಿಯಾಗಿತ್ತು.

ಸಮುದ್ರದ ಅಗತ್ಯವನ್ನು ತೋರಿಸಿಕೊಟ್ಟವಳು ರೋಹಿಣಿಯೇ; ಅದು ಅವಳ ಉದ್ದೇಶವಾಗಿರಲಿಲ್ಲ. ಪ್ರಾಣಿಶಾಸ್ತ್ರ ಓದಿ, ಗುತ್ತಿಗೆಯ ಮೇಲೆ ಕೇಂದ್ರಕ್ಕೆ ಸೇರಿದ್ದಳು. ಮೀನು ಹಿಡಿಯುವ ಪರವಾನಗಿ ನವೀಕರಿಸಲು ಒಂದು ಹಾವುಮೀನನ್ನು ಹಾಜರುಪಡಿಸಬೇಕೆಂಬ ಹೊಸ ನಿಯಮದಂತೆ ಮೀನುಗಾರ ಇಬ್ರಾಹಿಂಸಾಬ ಜುಲೈನಲ್ಲಿ ಒಂದನ್ನು ಕೊಡದಲ್ಲಿ ತಂದಿದ್ದ. ತೋಳಿನಷ್ಟು ದಪ್ಪ, ಬೆಳ್ಳಿ ಹೊಟ್ಟೆ, ದೊಡ್ಡ ಕಣ್ಣು. ಇಂಥವು ಬಲೆಗೆ ಬಿದ್ದರೂ ತನ್ನ ಅಪ್ಪ ಬಿಟ್ಟುಬಿಡುತ್ತಿದ್ದನೆಂದೂ, ಹೆಸರು ಬರೆದುಕೊಂಡ ಮೇಲೆ ಇದನ್ನು ಹೊಳೆಗೆ ಬಿಡಬೇಕೆಂದೂ ಕೇಳಿಕೊಂಡ.

ರೋಹಿಣಿ ಒಂದು ಪುಟದ ಟಿಪ್ಪಣಿ ಬರೆದಳು. ಹಾವುಮೀನು ಸಮುದ್ರದಲ್ಲಿ ಹುಟ್ಟಿ, ಹೊಳೆ ಏರಿ ಬಂದು, ಎಷ್ಟೋ ವರ್ಷ ಸಿಹಿನೀರಲ್ಲಿ ಬೆಳೆಯುತ್ತದೆ. ಹೊರಗಿನಿಂದ ನೋಡಿ ಗಂಡು ಹೆಣ್ಣು ಹೇಳಲಾಗದು. ಕೊನೆಗೊಮ್ಮೆ ಮೇವು ಬಿಟ್ಟು ಸಮುದ್ರಕ್ಕೆ ಮರಳಿ, ಅಲ್ಲಿ ಮಾತ್ರ ತತ್ತಿಯಿಟ್ಟು, ಸಾಯುತ್ತದೆ. ಮರಿಗಳು ಗಾಜಿನಂತಿದ್ದು ನೀರಿನಲ್ಲಿ ಕಾಣುವುದು ಕಷ್ಟ. ಈ ಮೀನು ಮೇವು ಬಿಟ್ಟಿದೆ. ಕೆಳಗಿನ ಅಣೆಕಟ್ಟುಗಳ ಬಾಗಿಲು ತೆರೆದಿರುವಾಗಲೇ ಬಿಡಬೇಕು; ತಡವಾದರೆ ಸತ್ತುಹೋಗುತ್ತದೆ.

ಕೇಂದ್ರದ ಮುಖ್ಯಸ್ಥ ಯಮನಪ್ಪ ಟಿಪ್ಪಣಿಯನ್ನು ಎರಡು ಸಲ ಓದಿದರು. ಸೆಪ್ಟೆಂಬರ್ ಕೊನೆಗೆ ಒಂದು ಲಕ್ಷ ಮರಿ ತೋರಿಸುವ ಗುರಿ ಅವರಿಗಿತ್ತು.

"ಬಿಟ್ರ ಎಲ್ಲೆರ ಹೋಗಿ ತತ್ತಿ ಇಡತೈತಿ, ಮರಿ ಇನ್ನೊಂದ ರಾಜ್ಯದ ಲೆಕ್ಕಕ್ಕ ಹೋಗ್ತಾವು," ಎಂದರು. "ಸಮುದ್ರ ಬೇಕು ಅಂತ ನೀವ ಬರದೀರಿ. ಇಲ್ಲೇ ಮಾಡೂಣು."

ಹದಿನೆಂಟು ಚೀಲ ಉಪ್ಪು ಬಂತು. ಆದೇಶವೂ ಹೊರಟಿತು: "ಮೂರನೇ ತೊಟ್ಟಿಯನ್ನು ಮುಂದಿನ ಆದೇಶದವರೆಗೆ ಸಮುದ್ರವೆಂದು ಪರಿಗಣಿಸತಕ್ಕದ್ದು. ಅಲೆಗಳನ್ನು ಕಚೇರಿಯ ವೇಳೆಯಲ್ಲಿ ಮಾತ್ರ ಎಬ್ಬಿಸತಕ್ಕದ್ದು." ಅಲೆಗೆಂದು ಕಾವಲುಗಾರ ಅಫ್ಸರನಿಗೆ ಒಂದು ಹಲಗೆ ಕೊಡಲಾಯಿತು. ಅವನು ಬುತ್ತಿ ಬಿಚ್ಚಿದಾಗ ಸಮುದ್ರ ಶಾಂತವಾಗಿರುತ್ತಿತ್ತು.

ಮೀನು ಈಗ ಸರಕಾರಿ ಆಸ್ತಿ. ಹೊರಗೆ ಬಿಡಬೇಕಾದರೆ ಅರ್ಜಿ ಬೇಕು. ರೋಹಿಣಿ ಅರ್ಜಿ ತುಂಬಿದಳು. ಹೋಗುವ ಸ್ಥಳ: ಬಂಗಾಳಕೊಲ್ಲಿಯ ಆಚೆ. ಮರಳುವ ದಿನಾಂಕ: ಮರಳುವುದಿಲ್ಲ. ಮರಳದಿರುವವರಿಗೆ ಅನುಮತಿ ನೀಡಲು ಅವಕಾಶವಿಲ್ಲವೆಂದು ಅರ್ಜಿ ನಾಲ್ಕನೇ ದಿನ ಮರಳಿತು. ಅಷ್ಟರಲ್ಲಿ ಹೊಳೆ ಇಳಿದು, ಅಣೆಕಟ್ಟುಗಳ ಬಾಗಿಲು ಮುಚ್ಚತೊಡಗಿದ್ದವು.

ಸೆಪ್ಟೆಂಬರ್ ಒಂಬತ್ತರ ಬೆಳಿಗ್ಗೆ ಹಾವುಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಯಮನಪ್ಪ ಸಮುದ್ರತೀರಕ್ಕೆ ಟಿಪ್ಪಣಿಯ ಸಮೇತ ಬಂದರು.

"ಸತ್ತೈತಿ. ಅಂದಮ್ಯಾಲ ತತ್ತಿ ಇಟ್ಟೈತಿ."

"ಇದ್ದದ್ದ ಒಂದ ಮೀನರಿ, ಸರ್. ಗಂಡು ಎಲ್ಲಿತ್ತು?" ಎಂದಳು ರೋಹಿಣಿ.

"ನೋಡಿ ಗಂಡು ಹೆಣ್ಣು ಹೇಳಾಕ ಬರಂಗಿಲ್ಲ ಅಂತ ಬರದವರು ಯಾರ್ರಿ?"

"ಮರೀನೂ ಇಲ್ರಿ."

"ಕಾಣವಲ್ಲವು ಅನ್ರಿ. ನಿಮ್ಮ ಟಿಪ್ಪಣಿ ಪ್ರಕಾರ ಬರೋಬರಿ ಐತಿ."

ಬಾಗಲಕೋಟೆಯಿಂದ ಮೂವರ ಸಮಿತಿ ಬಂದು ನೀರಿನಲ್ಲಿ ಬಗ್ಗಿ ನೋಡಿತು. ಒಂದು ಲಕ್ಷದ ಇಪ್ಪತ್ತು ಸಾವಿರ ಎಂದು ಬರೆಯಿತು. ವಿಷಯತಜ್ಞೆಯ ಸಹಿ ಬೇಕಿತ್ತು. ರೋಹಿಣಿಯ ಗುತ್ತಿಗೆ ಆ ತಿಂಗಳೇ ಮುಗಿಯುವುದಿತ್ತು. ಅವಳು "ಒಂದೂ ಕಂಡುಬಂದಿಲ್ಲ" ಎಂದು ಬರೆದು ಸಹಿ ಮಾಡಿದಳು. ಗಾಜಿನಂಥ ಮರಿಗಳ ಬಗ್ಗೆ ಇಷ್ಟು ಖಚಿತವಾದ ವರದಿ ಈವರೆಗೆ ಬಂದಿಲ್ಲವೆಂದು ಸಮಿತಿ ಮೆಚ್ಚಿತು. ಗುತ್ತಿಗೆ ಒಂದು ವರ್ಷ ಮುಂದುವರಿಯಿತು. ಮರಿಗಳಿಗೆ ದಿನಕ್ಕೆ ಎರಡು ಕಿಲೋ ಮೇವು ಹಾಕುವ ಹೊಣೆಯೂ ಸೇರಿತು. ಹುನಗುಂದ, ಇಳಕಲ್ಲಿನವರು ತಮಗೂ ಒಂದೊಂದು ಸಮುದ್ರ ಬೇಕೆಂದು ಬೇಡಿಕೆ ಸಲ್ಲಿಸಿದರು.

ಅಕ್ಟೋಬರಿನಲ್ಲಿ ಇಬ್ರಾಹಿಂಸಾಬ ಪರವಾನಗಿ ಒಯ್ಯಲು ಬಂದ. ರೋಹಿಣಿ ಮೇವು ಚೆಲ್ಲುತ್ತಿದ್ದಳು.

"ನಮ್ಮ ಮೀನ ಸಮುದ್ರ ಮುಟ್ಟಿತೇನ್ರೀ, ಅಕ್ಕಾರ?"

ಅವಳು ತಟ್ಟೆಯಲ್ಲಿ ಉಳಿದ ಮೇವನ್ನು ಕೊಡವಿದಳು. "ಮುಟ್ಟೇತಿ ಅಂತ ಬರದೈತ್ರಿ."

ಅವನು ಬಗ್ಗಿ, ಬೆರಳು ಅದ್ದಿ, ನಾಲಗೆಗೆ ಮುಟ್ಟಿಸಿಕೊಂಡ. ಖರೆ, ಉಪ್ಪಿತ್ತು. ಪರವಾನಗಿಯನ್ನು ಮಡಚಿ ಕಿಸೆಗಿಟ್ಟ.

ಹತ್ತು ಗಂಟೆಯಾಯಿತು. ಅಫ್ಸರ ಹಲಗೆ ಎತ್ತಿದ. ಇಬ್ರಾಹಿಂಸಾಬ ಲುಂಗಿ ಎತ್ತಿಕೊಂಡು, ಅಲೆ ತಾಗದಂತೆ ಎರಡು ಹೆಜ್ಜೆ ಹಿಂದೆ ಸರಿದ.